ಪದಚರ್ಚೆ: ‘ಎನೇಬಲ್’ಗೆ ಒಂದು ಕ್ರಿಯಾಪದ ಬೇಕಾಗಿದೆ (ಬೂಟ್, ಕಾನ್ಫಿಗರ್, ರಿಸಾಲ್ವ್ ಸಮೇತ)

ಎಲ್ಲರಿಗೂ ನಮಸ್ಕಾರ.

ಸಿಸ್ಟಮ್ ಅಪ್‌ಗ್ರೇಡ್ ಆದ ಮೇಲೆ ಯಂತ್ರ ಸರಿಯಾಗಿ ಶುರುವಾಗದಿದ್ದರೆ, ಶುರುವಾದರೂ ನೆಟ್ ಬರದಿದ್ದರೆ ಯಾವುದಾದ ಮೇಲೆ ಯಾವುದನ್ನು ನೋಡಬೇಕು ಎಂದು ಲಿನಕ್ಸ್ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯಲು ಕೂತಿದ್ದೇನೆ. ನಾಮಪದಗಳು ಅಷ್ಟೇನೂ ಕಾಡಿಲ್ಲ. ಕರ್ನೆಲ್, ರೂಟರ್, ಗೇಟ್‌ವೇ, ಡ್ರೈವರ್ ಎಲ್ಲವನ್ನೂ ಬಂದ ಹಾಗೇ ಬಿಟ್ಟಿದ್ದೇನೆ. ಓದುವವರ ಬಾಯಲ್ಲೂ ಅವೇ ಇವೆ. ಕಾಡುತ್ತಿರುವುದು ಕ್ರಿಯಾಪದಗಳು. ಕೆಟ್ಟದ್ದು ಯಾವ ಹಂತದಲ್ಲಿ ಎಂದು ಹೇಳುವುದೇ ಕ್ರಿಯಾಪದ. ಅದು ಹದ ತಪ್ಪಿದರೆ ಓದುಗ ಕೇಬಲ್ ಕಿತ್ತಿರುವಲ್ಲಿ ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ತಪ್ಪು ಹುಡುಕುತ್ತ ಕೂರುತ್ತಾನೆ. ಐದಾರು ಪದಗಳಿಗೆ ನನಗೆ ತೋಚಿದ್ದನ್ನು ಕೆಳಗೆ ಬರೆದಿದ್ದೇನೆ. ಒಂದಕ್ಕೆ ಮಾತ್ರ ಏನೂ ತೋಚಿಲ್ಲ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಇದೆಲ್ಲ ಹುಟ್ಟಿದ್ದು ನನ್ನದೇ ಯಂತ್ರದಿಂದ. ಅಪ್‌ಗ್ರೇಡ್ ಮುಗಿಸಿ ರೀಬೂಟ್ ಮಾಡಿದೆ. ಕಪ್ಪು ಪರದೆಯಲ್ಲಿ ಒಂದೇ ಸಾಲು ನಿಂತುಬಿಟ್ಟಿತು: ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್’, ಅದರ ಮುಂದೆ ಡಿಸ್ಕಿನ ಉದ್ದನೆಯ ಗುರುತಿನ ಸಂಖ್ಯೆ, ಅಂದರೆ ಯುಯುಐಡಿ. ಎಡಗಡೆ ಚೌಕ ಕಂಸದೊಳಗೆ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಬಲಗಡೆ ಸೆಕೆಂಡುಗಳು ಏರುತ್ತಿದ್ದವು, ಪಕ್ಕದಲ್ಲಿ ಗಡುವು: 1 ನಿಮಿಷ 30 ಸೆಕೆಂಡು. ಅಷ್ಟರಲ್ಲಿ ಗೆಳೆಯನ ಫೋನು. ‘ಏನಾಯ್ತೋ, ಆನ್ ಆಯ್ತಾ?’ ಅಂದ. ‘ಆನ್ ಏನೋ ಆಗಿದೆ ಕಣೋ, ಇನ್ನೂ ಎದ್ದಿಲ್ಲ’ ಅಂದೆ.

ಗಡುವು ಮುಗಿದು ಯಂತ್ರ ಮುಂದೆ ಹೋಯಿತು, ಲಾಗಿನ್ ಬಂತು, ಆದರೆ ನೆಟ್ ಇರಲಿಲ್ಲ. ಮೊದಲ ತೊಂದರೆಗೆ ನಾನೇ ಕಾರಣ. ತಿಂಗಳುಗಳ ಹಿಂದೆ ಸ್ವಾಪ್ ವಿಭಾಗವನ್ನು (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಭಾಗ) ಹೊಸದಾಗಿ ಮಾಡಿದ್ದೆ, ಅದಕ್ಕೆ ಬೇರೆ ಯುಯುಐಡಿ ಬಂದಿತ್ತು, ಯಾವ ಡಿಸ್ಕ್ ವಿಭಾಗಗಳನ್ನು ಜೋಡಿಸಿಕೊಳ್ಳಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಮಾತ್ರ ಹಳೆಯದೇ ಕೂತಿತ್ತು. ನಡುವೆ ಒಮ್ಮೆಯೂ ರೀಬೂಟ್ ಮಾಡದಿದ್ದರಿಂದ ಗೊತ್ತಾಗಿರಲಿಲ್ಲ. ಪಾಪ, ಅಪ್‌ಗ್ರೇಡಿನ ಮೇಲೆ ಗೂಬೆ ಕೂರಿಸಿದ್ದೆ. ಎರಡನೆಯ ತೊಂದರೆಯ ವಿಷಯ ಆಮೇಲೆ.

ಈಗ ಆ ‘ಎದ್ದಿಲ್ಲ’ ನೋಡಿ. ಹುಡುಕದೆಯೇ ಬಾಯಿಗೆ ಬಂದ ಮಾತು ಅದು. ‘ಬೂಟ್’ಗೆ ನಮ್ಮ ಅನುವಾದಗಳಲ್ಲಿ ಸಿಗುವುದು ‘ಪ್ರಾರಂಭಿಸು’, ‘ಚಾಲನೆ ನೀಡು’, ‘ಮರುಚಾಲನೆ’. ಚಾಲನೆ ನೀಡುವುದೆಂದರೆ ಪತ್ರಿಕೆ ಓದುವವರ ಕಣ್ಣಿಗೆ ಕಟ್ಟುವುದು ದೀಪ, ವೇದಿಕೆ, ಅಧ್ಯಕ್ಷ ಭಾಷಣ. ‘ಸಿಸ್ಟಮಿಗೆ ಚಾಲನೆ ನೀಡಿ’ ಎಂದು ಬರೆದರೆ ಹಾರ ಎಲ್ಲಿ ಎಂದು ಕೇಳುವ ಹಾಗಾಗುತ್ತದೆ. ‘ಪ್ರಾರಂಭಿಸು’ ತಪ್ಪಲ್ಲ, ಆದರೆ ಅದು ಯಂತ್ರಕ್ಕೂ ಸೈ, ಒಂದು ಸರ್ವಿಸ್‌ಗೂ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮಿಗೂ) ಸೈ, ಪಾಠಕ್ಕೂ ಸೈ. ಯಂತ್ರ ಏಳುವುದು ಬೇರೆ, ಅದರೊಳಗೆ ಒಂದು ಸರ್ವಿಸ್ ಶುರುವಾಗುವುದು ಬೇರೆ ಎಂಬುದು ಅಪ್‌ಗ್ರೇಡ್ ಆದ ಮೇಲೆ ಕೆಟ್ಟದ್ದನ್ನು ಹುಡುಕುವವರಿಗೆ ತೀರಾ ಮುಖ್ಯ.

ಬೂಟ್ ಎಂಬ ಮಾತು ಬಂದದ್ದು ಬೂಟುಗಳ ಹಿಂಬದಿಯ ಪಟ್ಟಿಯಿಂದ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸ ಅದರ ಮೂಲ ಚಿತ್ರ. ಪ್ರೋಗ್ರಾಮನ್ನು ಮೆಮೊರಿಗೆ ತರಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದನ್ನು ತರುವವರು ಯಾರು ಎಂಬ ಇಕ್ಕಟ್ಟಿಗೆ 1950ರ ದಶಕದಲ್ಲಿ ಆ ಹೆಸರು ಅಂಟಿತು. ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರ ಎಂಬ ಹಳೆಯ ತರ್ಕದ ಮಾತು ನಮ್ಮಲ್ಲೂ ಇದೆ. ಆದರೆ ಅದನ್ನು ಹಿಡಿದು ‘ಸ್ವಸ್ಕಂಧಾರೋಹಣ’ ಎಂದು ಯಾರಾದರೂ ಸೂಚಿಸಿದರೆ ನಾನು ಈ ಚರ್ಚೆಯಿಂದ ಎದ್ದು ಹೋಗುತ್ತೇನೆ.

ನನ್ನ ಆಯ್ಕೆ ಏಳು, ಎಬ್ಬಿಸು. ಬೂಟ್ ಆಗು, ಬೂಟ್ ಮಾಡು ಎಂದು ನಾವು ಈಗಾಗಲೇ ಒಡೆದುಕೊಂಡಿರುವ ಜೋಡಿಗೆ ಇದು ಸರಿಯಾಗಿ ಕೂರುತ್ತದೆ. ಮದರ್‌ಬೋರ್ಡಿನಲ್ಲೇ ಇರುವ ಫರ್ಮ್‌ವೇರ್ ಡಿಸ್ಕನ್ನು ಹುಡುಕಿತು, ಕರ್ನೆಲನ್ನು ಮೆಮೊರಿಗೆ ತರುವ ಗ್ರಬ್ ಅದನ್ನು ಎಬ್ಬಿಸಿತು, ಕರ್ನೆಲ್ ಎದ್ದು ಒಂದನೇ ನಂಬರಿನ ಪ್ರೊಸೆಸ್‌ಗೆ ಕೆಲಸ ಒಪ್ಪಿಸಿತು, ಅದು ಸರ್ವಿಸ್‌ಗಳನ್ನು ಶುರುಮಾಡಿತು. ಎಮರ್ಜೆನ್ಸಿ ಮೋಡಿನಲ್ಲಿ (ರಿಪೇರಿಗೆ ಬೇಕಾದಷ್ಟು ಮಾತ್ರ ನಡೆಯುವ ಸ್ಥಿತಿಯಲ್ಲಿ) ನಿಂತ ಯಂತ್ರಕ್ಕೆ ‘ಅರ್ಧ ಎದ್ದು ಕೂತಿದೆ’ ಎನ್ನುವುದಕ್ಕಿಂತ ಚೆನ್ನಾದ ವರ್ಣನೆ ನನಗೆ ಸಿಕ್ಕಿಲ್ಲ. ಆಕ್ಷೇಪ ಎರಡಿವೆ. ಒಂದು, ‘ವಿಂಡೋಸ್ ಏಳು ಏಳುತ್ತಿಲ್ಲ’ ಎಂದಾಗಿನ ಗೊಂದಲ; ಅದನ್ನು ನಗುತ್ತ ಸಹಿಸಬಹುದು. ಇನ್ನೊಂದು ನಿಜವಾದ ತೊಡಕು: ಸಸ್ಪೆಂಡ್ ಆಗಿ ಮಲಗಿದ ಯಂತ್ರವೂ ಏಳುತ್ತದಲ್ಲ? ಅಲ್ಲಿ ‘ಎಚ್ಚರವಾಗು’ ಇಡಬಹುದು ಅನಿಸುತ್ತದೆ. ಎಚ್ಚರವಾಗುವುದು ಬೇರೆ, ಏಳುವುದು ಬೇರೆ ಎಂಬುದು ಮಕ್ಕಳನ್ನು ಬೆಳಗ್ಗೆ ಎಬ್ಬಿಸಿದವರಿಗೆಲ್ಲ ಗೊತ್ತು. ಒಪ್ಪುತ್ತೀರಾ?

‘ಫೇಲ್ಡ್ ಟು ಸ್ಟಾರ್ಟ್’ ಎಂಬುದಕ್ಕೆ ‘ಆರಂಭಿಸಲು ವಿಫಲವಾಗಿದೆ’ ಬೇಡ. ಏನು ವಿಫಲವಾಯಿತು, ಯಾರು ಆರಂಭಿಸಲು ಹೋದರು, ತಿಳಿಯುವುದೇ ಇಲ್ಲ. ‘ಶುರುವಾಗಲಿಲ್ಲ’ ಸಾಕು. ಅದರ ಜೊತೆಗೇ ಬರುವ ‘ಡಿಪೆಂಡೆನ್ಸಿ ಫೇಲ್ಡ್’ ಇನ್ನೂ ಸ್ವಾರಸ್ಯ: ಈ ಸರ್ವಿಸ್ ಪ್ರಯತ್ನವನ್ನೇ ಮಾಡಿಲ್ಲ, ಇದರ ಹಿಂದೆ ಇರಬೇಕಾದ್ದು ಮೊದಲೇ ಕೈಕೊಟ್ಟಿದೆ. ಇದಕ್ಕೆ ‘ಸರದಿ ಬರಲಿಲ್ಲ’ ಎಂದು ಬರೆದಿದ್ದೇನೆ. ಹುಡುಕುವವರು ಈ ಸಾಲನ್ನು ಬಿಟ್ಟು ಅದರ ಹಿಂದಿನದನ್ನು ನೋಡಬೇಕೆಂಬುದು ಆ ಮಾತಿನಲ್ಲೇ ಬಂದುಬಿಡುತ್ತದೆ.

ಇನ್ನು ನೆಟ್. ಇಲ್ಲಿ ಆಡುಮಾತು ಕೈಪಿಡಿಗಳಿಗಿಂತ ಎಷ್ಟೋ ಚುರುಕಾಗಿದೆ. ‘ನೆಟ್ ಹೋಯ್ತು’ ಅಂದರೆ ಇದ್ದದ್ದು ಇಲ್ಲವಾಯಿತು. ‘ನೆಟ್ ಬರ್ತಿಲ್ಲ’ ಅಂದರೆ ಆ ಕಡೆಯಿಂದ ಬರಬೇಕಾದ್ದು ಬಂದಿಲ್ಲ. ‘ನೆಟ್ ಸಿಗ್ತಿಲ್ಲ’ ಅಂದರೆ ಅದು ಅಲ್ಲೆಲ್ಲೋ ಇದೆ, ನನ್ನ ಕೈಗೆ ಎಟುಕುತ್ತಿಲ್ಲ. ಇವನ್ನೆಲ್ಲ ‘ಜಾಲಬಂಧ ಸಂಪರ್ಕ ಕಡಿತಗೊಂಡಿದೆ’ ಎಂಬ ಒಂದೇ ಸಾಲಿಗೆ ತುರುಕಿದರೆ ಸುಳಿವೇ ಕಳೆದುಹೋಯಿತು. ‘ಐಪಿ ಲಿಂಕ್’ ಆಜ್ಞೆ ಕೊಟ್ಟಾಗ ಒಂದು ನೆಟ್‌ವರ್ಕ್ ಕಾರ್ಡಿನ ಎದುರು ‘ಅಪ್’ ಎಂದೂ ‘ನೋ ಕ್ಯಾರಿಯರ್’ ಎಂದೂ ಒಟ್ಟಿಗೇ ಕಾಣಬಹುದು. ಅಪ್ ಎಂದರೆ ನಾವು ಆ ಕಾರ್ಡನ್ನು ಕೆಲಸಕ್ಕೆ ಬಿಟ್ಟಿದ್ದೇವೆ ಎಂದಷ್ಟೇ. ನೋ ಕ್ಯಾರಿಯರ್ ಎಂದರೆ ತಂತಿಯಲ್ಲಿ ಉಸಿರಿಲ್ಲ: ಕೇಬಲ್ ಕಿತ್ತಿದೆ, ಇಲ್ಲವೇ ಆ ತುದಿಯ ಸ್ವಿಚ್ ಆಫ್ ಆಗಿದೆ. ಅಪ್‌ಗೆ ‘ಮೇಲೆ’, ಡೌನ್‌ಗೆ ‘ಕೆಳಗೆ’ ಎಂದು ಬರೆದ ಒಂದು ಅನುವಾದ ಓದಿ ಕಾರ್ಡನ್ನು ಎತ್ತರದಲ್ಲಿ ಇಡಬೇಕೇನೋ ಅಂದುಕೊಂಡೆ. ‘ಬಿಟ್ಟಿದೆ’, ‘ತಡೆದಿದೆ’ ಹೇಗೆ?

ನನ್ನ ಎರಡನೆಯ ತೊಂದರೆ ಹೆಸರಿನದು. ಹಳೆಯ ಕಾನ್ಫಿಗ್ ಕಡತದಲ್ಲಿ ಕಾರ್ಡಿನ ಹೆಸರು ‘ಈಥ್0’ ಎಂದಿತ್ತು. ಅಪ್‌ಗ್ರೇಡ್ ಆದ ಮೇಲೆ ಅದೇ ಕಾರ್ಡು ‘ಇಎನ್‌ಪಿ3ಎಸ್0’ ಆಗಿ ಕೂತಿತ್ತು. ಇಎನ್ ಎಂದರೆ ಈಥರ್ನೆಟ್, ಪಿ3 ಎಂದರೆ ಪಿಸಿಐ ಬಸ್ 3, ಎಸ್0 ಎಂದರೆ ಸ್ಲಾಟ್ 0. ಸಿಸ್ಟಮ್‌ಡಿಯ (ಮೇಲೆ ಹೇಳಿದ ಒಂದನೇ ನಂಬರಿನ ಪ್ರೊಸೆಸ್ ಇದೇ) 197ನೇ ಆವೃತ್ತಿಯಲ್ಲಿ, 2013ರಲ್ಲಿ, ಬಂದ ಪದ್ಧತಿ ಇದು. ಮೊದಲಾದರೆ ಕರ್ನೆಲಿಗೆ ಯಾವ ಕಾರ್ಡು ಮೊದಲು ಕಂಡಿತೋ ಅದು ಈಥ್0, ಆಮೇಲಿನದು ಈಥ್1. ಎರಡು ಕಾರ್ಡುಗಳಿದ್ದರೆ ಒಂದು ರೀಬೂಟಿನಿಂದ ಇನ್ನೊಂದಕ್ಕೆ ಹೆಸರು ಅದಲುಬದಲಾಗಬಹುದಿತ್ತು. ಬಂದ ಸಾಲಿನಲ್ಲಿ ಟೋಕನ್ ಕೊಡುವುದನ್ನು ಬಿಟ್ಟು ಕೂತ ಕುರ್ಚಿಯ ನಂಬರಿನಿಂದ ಕರೆಯತೊಡಗಿದರು ಅನ್ನಿ. ಇದಕ್ಕೆ ಅವರಿಟ್ಟ ಹೆಸರು ‘ಪ್ರೆಡಿಕ್ಟಬಲ್’ ಹೆಸರುಗಳು. ‘ಊಹಿಸಬಹುದಾದ’ ಎಂದು ಅನುವಾದಿಸಿದರೆ ನಗೆಪಾಟಲು; ಇಎನ್‌ಪಿ3ಎಸ್0 ಎಂದು ಯಾವ ಮಹಾನುಭಾವ ಊಹಿಸಿಯಾನು? ‘ಜಾಗ ಹಿಡಿದ ಹೆಸರು’ ಎಂದು ಬರೆದಿದ್ದೇನೆ. ಅಷ್ಟಾಗಿಯೂ ಹೊಸ ಕಾರ್ಡೊಂದನ್ನು ಸೇರಿಸಿದಾಗ ಬಸ್ ನಂಬರುಗಳೇ ಜರುಗಿ ಈ ಹೆಸರು ಬದಲಾಗುವುದುಂಟು. ಹಾಗಾಗಿ ‘ಸ್ಥಿರ’ ಎನ್ನಲು ಮನಸ್ಸು ಬರಲಿಲ್ಲ.

ಕಾನ್ಫಿಗರೇಶನ್‌ಗೆ ‘ಸಂರಚನೆ’ ಎಂಬುದು ತಂತ್ರಾಂಶದ ಕನ್ನಡೀಕರಣದಲ್ಲಿ ಬೇರು ಬಿಟ್ಟಿದೆ. ನನಗೆ ಅದು ಹಿಡಿಸಿಲ್ಲ. ವಿಮರ್ಶೆಯಲ್ಲಿ ‘ಸಂರಚನಾವಾದ’ ಅಂದಾಗ ಅದು ವಸ್ತುವಿನ ಒಳಗಟ್ಟು, ಬಿಡಿಸಿ ನೋಡಬೇಕಾದ್ದು. ನೆಟ್‌ವರ್ಕ್ ಕಾನ್ಫಿಗ್‌ನಲ್ಲಿ ನಾವು ಮಾಡುವುದು ಬೇರೆಯೇ: ಯಂತ್ರದ ಐಪಿ ವಿಳಾಸವನ್ನು ಅದು ಸೇರುವ ಜಾಲಕ್ಕೆ, ಗೇಟ್‌ವೇಯನ್ನು (ಹೊರಜಾಲಕ್ಕೆ ಹೋಗುವ ಬಾಗಿಲನ್ನು) ಆ ವಿಳಾಸದ ವ್ಯಾಪ್ತಿಗೆ, ಕಡತದಲ್ಲಿನ ಕಾರ್ಡಿನ ಹೆಸರನ್ನು ನಿಜವಾದ ಕಾರ್ಡಿಗೆ ಹೊಂದಿಸುವುದು. ನನ್ನ ತೊಂದರೆಯೂ ಅಕ್ಷರಶಃ ಅದೇ, ಹೊಂದಿಕೆಯಾಗಿರಲಿಲ್ಲ. ‘ದುಡ್ಡು ಹೊಂದಿಸು’, ‘ಸಮಯ ಹೊಂದಿಸಿಕೋ’ ಅನ್ನುವಾಗ ಇರುವ ಪರದಾಟವೂ ಆ ಕ್ರಿಯಾಪದದಲ್ಲಿದೆ, ಅದು ಬೋನಸ್ಸು. ಕೆಲಸಕ್ಕೆ ‘ಹೊಂದಿಸು’, ಬರೆದಿಟ್ಟದ್ದಕ್ಕೆ ‘ಹೊಂದಿಕೆ’, ಕಡತಕ್ಕೆ ‘ಹೊಂದಿಕೆಯ ಕಡತ’. ಬೂಟ್ ಹೊತ್ತಿನಲ್ಲಿ ನೆಟ್‌ವರ್ಕಿಗಾಗಿ ಎರಡು ನಿಮಿಷದವರೆಗೆ ಕಾಯಿಸುವ ‘ವೇಟ್ ಫಾರ್ ನೆಟ್‌ವರ್ಕ್ ಟು ಬಿ ಕಾನ್ಫಿಗರ್ಡ್’ ಎಂಬ ಸಾಲಿಗೆ ಮಾತ್ರ ‘ನೆಟ್‌ವರ್ಕ್ ಅಣಿಯಾಗಲೆಂದು ಕಾಯುತ್ತಿದೆ’ ಎಂದು ಬರೆದೆ. ಅಲ್ಲಿ ಹೊಂದಿಸುವವರು ನಾವಲ್ಲ, ಅದು ತಾನಾಗಿ ಅಣಿಯಾಗಬೇಕು.

‘ರಿಸಾಲ್ವ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್’ ಎಂಬುದಕ್ಕೆ ‘ಹೆಸರು ಪರಿಹಾರದಲ್ಲಿ ತಾತ್ಕಾಲಿಕ ವೈಫಲ್ಯ’ ಎಂದು ಬರೆದರೆ ನೆರೆ ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಹಾಗೆ ಕೇಳುತ್ತದೆ. ‘ಹೆಸರಿಗೆ ವಿಳಾಸ ಸಿಗಲಿಲ್ಲ’. ಐಪಿ ನಂಬರಿಗೆ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಸಣ್ಣ ಸಂದೇಶ) ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ ಎಂದಾದರೆ ಕೆಟ್ಟಿರುವುದು ಇಲ್ಲೇ. ವಿಳಾಸಕ್ಕಾಗಿ ಯಾರನ್ನು ಕೇಳಬೇಕೆಂದು ಬರೆದಿಡುವ ರಿಸಾಲ್ವ್ ಡಾಟ್ ಕಾನ್ಫ್ ಕಡತ ಎಲ್ಲಿಗೆ ಕೈತೋರಿಸುತ್ತಿದೆ ಎಂದು ನೋಡಬೇಕು. ಅಪ್‌ಗ್ರೇಡಿನ ನಂತರ ಅದರೊಳಗೆ 127.0.0.53 ಕಂಡರೆ ಗಾಬರಿ ಬೇಡ, ಯಂತ್ರದೊಳಗಿನ ಸಿಸ್ಟಮ್‌ಡಿ ರಿಸಾಲ್ವ್ಡ್ ಎಂಬ ಸರ್ವಿಸ್ ಅಲ್ಲಿ ಕೂತು ಉತ್ತರಿಸುತ್ತದೆ.

ಅಪ್‌ಡೇಟ್, ಅಪ್‌ಗ್ರೇಡ್ ಎರಡಕ್ಕೂ ‘ನವೀಕರಿಸು’ ಬಳಸುವುದನ್ನು ಮಾತ್ರ ನಿಲ್ಲಿಸೋಣ. ಡೆಬಿಯನ್ ಬಳಗದ ಲಿನಕ್ಸ್‌ಗಳಲ್ಲಿ ‘ಎಪಿಟಿ ಅಪ್‌ಡೇಟ್’ ಪ್ಯಾಕೇಜುಗಳ ಪಟ್ಟಿಯನ್ನಷ್ಟೇ ಹೊಸದಾಗಿ ತರುತ್ತದೆ, ‘ಎಪಿಟಿ ಅಪ್‌ಗ್ರೇಡ್’ ಪ್ಯಾಕೇಜುಗಳನ್ನೇ ಬದಲಿಸುತ್ತದೆ. ಮೊದಲನೆಯದಕ್ಕೆ ‘ಪಟ್ಟಿ ತರಿಸು’, ಎರಡನೆಯದಕ್ಕೆ ‘ಅಪ್‌ಗ್ರೇಡ್ ಮಾಡು’ ಎಂದೇ ಇಟ್ಟಿದ್ದೇನೆ. ‘ಮೇಲ್ದರ್ಜೆಗೇರಿಸು’ ಶಾಲೆಗೆ, ಆಸ್ಪತ್ರೆಗೆ ಇರಲಿ. ರೀಸ್ಟಾರ್ಟ್ ಮತ್ತು ರೀಲೋಡ್ ಕೂಡ ಹೀಗೇ ‘ಮರು’ ಎಂಬ ಒಂದೇ ಬಾಲಂಗೋಚಿಯಲ್ಲಿ ಸಿಕ್ಕಿಕೊಂಡಿವೆ (ಮುಂದೆ ಅಂಟುವುದಕ್ಕೆ ಬಾಲಂಗೋಚಿ ಅನ್ನಬಹುದೋ, ಅದೂ ಒಂದು ಪ್ರಶ್ನೆ). ರೀಸ್ಟಾರ್ಟ್ ಎಂದರೆ ನಿಲ್ಲಿಸಿ ಶುರುಮಾಡುವುದು. ರೀಲೋಡ್ ಎಂದರೆ ನಡೆಯುತ್ತಿರುವ ಸರ್ವಿಸ್‌ಗೆ ಅದರ ಹೊಂದಿಕೆಯ ಕಡತವನ್ನು ಮತ್ತೆ ಓದಿಸುವುದು. ‘ಮತ್ತೆ ಓದಿಸು’ ಅಂದರೆ ಮುಗಿಯಿತು.

ಈಗ ನನಗೆ ಬಿಡಿಸಲಾಗದ್ದು. ಸಿಸ್ಟಮ್‌ಡಿಯಲ್ಲಿ ಒಂದು ಸರ್ವಿಸ್ ‘ಆಕ್ಟಿವ್’ ಆಗಿರುವುದು ಬೇರೆ, ‘ಎನೇಬಲ್ಡ್’ ಆಗಿರುವುದು ಬೇರೆ. ಆಕ್ಟಿವ್ ಎಂದರೆ ಈ ಗಳಿಗೆಯಲ್ಲಿ ನಡೆಯುತ್ತಿದೆ. ಎನೇಬಲ್ಡ್ ಎಂದರೆ ಯಂತ್ರ ಎದ್ದಾಗಲೆಲ್ಲ ಇದನ್ನೂ ಶುರುಮಾಡಬೇಕೆಂದು ಬರೆದಿಟ್ಟಿದೆ. ಒಂದು ಇದ್ದು ಇನ್ನೊಂದು ಇಲ್ಲದಿರಬಹುದು. ಅಪ್‌ಗ್ರೇಡ್ ಆದ ಮೇಲೆ ಜನ ಎಡವುವುದು ಇಲ್ಲೇ: ನೆಟ್‌ವರ್ಕಿನ ಸರ್ವಿಸ್ ನಿಂತಿರುತ್ತದೆ, ಕೈಯಾರೆ ಸ್ಟಾರ್ಟ್ ಮಾಡುತ್ತಾರೆ, ನೆಟ್ ಬರುತ್ತದೆ, ಸಮಾಧಾನವಾಗುತ್ತದೆ, ಮುಂದಿನ ರೀಬೂಟಿಗೆ ಮತ್ತೆ ಮಾಯ. ನಮ್ಮ ಅನುವಾದಗಳಲ್ಲಿ ಆಕ್ಟಿವ್ ಕೂಡ ‘ಸಕ್ರಿಯ’, ಎನೇಬಲ್ಡ್ ಕೂಡ ‘ಸಕ್ರಿಯಗೊಳಿಸಲಾಗಿದೆ’. ‘ಸಕ್ರಿಯವಾಗಿದೆ ಆದರೆ ಸಕ್ರಿಯಗೊಳಿಸಲಾಗಿಲ್ಲ’ ಎಂದು ಕೈಪಿಡಿಯಲ್ಲಿ ಹೇಗೆ ಬರೆಯಲಿ?

ಆಕ್ಟಿವ್‌ಗೆ ‘ನಡೆಯುತ್ತಿದೆ’ ಸಾಕು. ಎನೇಬಲ್‌ಗೆ ‘ಅನುವು ಮಾಡು’ ನೋಡಿದೆ, ಅದರಲ್ಲಿ ಅಪ್ಪಣೆ ಇದೆ, ಪ್ರತಿದಿನದ ಕರಾರು ಇಲ್ಲ. ‘ಸರದಿಗೆ ಸೇರಿಸು’ ಹತ್ತಿರ ಬರುತ್ತದೆ, ಆದರೆ ಮೇಲೆ ‘ಸರದಿ ಬರಲಿಲ್ಲ’ ಎಂದು ಬಳಸಿದ್ದೇನಲ್ಲ, ಅದಕ್ಕೆ ಗುದ್ದುತ್ತದೆ. ಹಾಲಿನವರಿಗೆ, ಪೇಪರಿನವರಿಗೆ ‘ವರ್ತನೆ’ ಗೊತ್ತುಮಾಡುವ ಮಾತು ನೆನಪಾಯಿತು. ಒಮ್ಮೆ ಹೇಳಿದರೆ ನಿಲ್ಲಿಸು ಅನ್ನುವವರೆಗೆ ದಿನಾ ಬರುತ್ತದೆ. ಅರ್ಥ ಚೆನ್ನಾಗಿ ಕೂರುತ್ತದೆ, ಆದರೆ ಈಗಿನವರು ‘ವರ್ತನೆ’ಯನ್ನು ನಡವಳಿಕೆ ಎಂದೇ ಓದುತ್ತಾರೆ. ‘ಗೊತ್ತುಮಾಡು’ ಒಂದನ್ನೇ ಉಳಿಸಿಕೊಂಡರೆ? ‘ಸರ್ವಿಸ್ ನಡೆಯುತ್ತಿದೆ, ಆದರೆ ಗೊತ್ತುಮಾಡಿಲ್ಲ’. ಗಾಡಿ ಗೊತ್ತುಮಾಡು, ದಿನ ಗೊತ್ತುಮಾಡು ಎಂದೆಲ್ಲ ಬಳಸುವವರಿಗೆ ಇದು ಥಟ್ಟನೆ ಹೊಳೆಯುತ್ತದೆಯೇ, ಅಥವಾ ‘ತಿಳಿಸು’ ಎಂದು ಓದಿಕೊಳ್ಳುತ್ತಾರೆಯೇ? ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ, ಬಳಸುವ ಒಂದು ವಾಕ್ಯದ ಸಮೇತ ಬರೆದು ತಿಳಿಸಿ.