ಮಸೂದೆ ಸದನದಲ್ಲಿರುವಾಗ ಊರಿನವರು ಏನು ಮಾಡಬಹುದು? ವಕೀಲರೊಂದಿಗೆ ಪ್ರಶ್ನೋತ್ತರ

ಬಗರ್ ಹುಕುಂ ಸಾಗುವಳಿಯ (ಸರ್ಕಾರಿ ಜಮೀನಿನಲ್ಲಿ ಮಂಜೂರಾತಿಯಿಲ್ಲದೆ ಮಾಡಿಕೊಂಡು ಬಂದ ಸಾಗುವಳಿಯ) ವಿಷಯದಲ್ಲಿ ಭೂಕಂದಾಯ ಕಾಯ್ದೆಗೆ ಮತ್ತೊಂದು ತಿದ್ದುಪಡಿ ಬರಲಿದೆಯಂತೆ ಎಂಬ ಮಾತು ನಮ್ಮ ಗುಂಪಿನಲ್ಲಿ ಕೆಲವು ದಿನಗಳಿಂದ ಓಡಾಡುತ್ತಿದೆ. ಶಿವಮೊಗ್ಗದಲ್ಲಿ ಕಂದಾಯ ಮೊಕದ್ದಮೆಗಳನ್ನು ನಡೆಸುವ ವಕೀಲರೊಬ್ಬರು ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳಿದವರ ಹೆಸರಿನ ಬದಲು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ (ಅಡಿಕೆ ಬೆಳೆಗಾರ, ತೀರ್ಥಹಳ್ಳಿ): ನಮಸ್ಕಾರ ಮೇಡಂ. ಒಂದು ಮನವಿಯನ್ನು ಜೆರಾಕ್ಸ್ ಮಾಡಿಸಿ, ಊರಿನವರೆಲ್ಲ ಸಹಿ ಹಾಕಿ ಮುಖ್ಯಮಂತ್ರಿಗಳಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ಇದರಿಂದ ಏನಾದರೂ ಪ್ರಯೋಜನವಾಗುತ್ತದೆಯೇ?

ಉತ್ತರ: ನಮಸ್ಕಾರ. ಊರಿನವರು ಒಟ್ಟಾಗಿದ್ದೀರಿ ಎಂಬುದು ದಾಖಲೆಗೆ ಹೋಯಿತು, ಅದು ಒಳ್ಳೆಯದೇ. ಆದರೆ ಅಷ್ಟಕ್ಕೆ ಕೈತೊಳೆದುಕೊಳ್ಳಬೇಡಿ. ಮಸೂದೆ ಈಗ ಯಾರ ಕೈಯಲ್ಲಿದೆ ಎಂದು ಮೊದಲು ವಿಚಾರಿಸಿ. ಕರಡು ಇನ್ನೂ ಕಂದಾಯ ಇಲಾಖೆಯಲ್ಲಿದ್ದರೆ ಇಲಾಖೆಯ ಪ್ರಧಾನ ಕಾರ್ಯದರ್ಶಿಗೆ ಮತ್ತು ಸಚಿವರಿಗೆ ಬರೆಯಬೇಕು. ಸಂಪುಟದ ಒಪ್ಪಿಗೆ ಸಿಕ್ಕಿ ಸದನದಲ್ಲಿ ಮಂಡನೆಯಾಗಿದ್ದರೆ ನಿಮ್ಮ ಶಾಸಕರನ್ನು ಹಿಡಿಯಬೇಕು. ಪರಿಶೀಲನಾ ಸಮಿತಿಗೆ ಹೋಗಿದ್ದರೆ ಸಮಿತಿಯ ಅಧ್ಯಕ್ಷರಿಗೆ, ಎರಡೂ ಸದನಗಳನ್ನು ದಾಟಿದ್ದರೆ ರಾಜ್ಯಪಾಲರಿಗೆ. ಎಲ್ಲ ಹಂತದಲ್ಲೂ ಎಲ್ಲವನ್ನೂ ಮುಖ್ಯಮಂತ್ರಿಗಳ ಕಚೇರಿಗೇ ಕಳಿಸಿದರೆ ಅದು ಒಂದೊಂದೇ ಮೇಜು ದಾಟಿ ಇಲಾಖೆಗೆ ಬರುವಷ್ಟರಲ್ಲಿ ಅಧಿವೇಶನ ಮುಗಿದಿರುತ್ತದೆ.

ಎರಡನೆಯದು, ಪತ್ರದ ಒಳಗಿನ ಮಾತು. ‘ಬಡ ರೈತರಿಗೆ ಅನ್ಯಾಯವಾಗುತ್ತಿದೆ, ದಯಮಾಡಿ ನ್ಯಾಯ ಕೊಡಿಸಿ’ ಎಂದು ಬರೆದರೆ ಓದುವ ಅಧಿಕಾರಿಗೆ ಮಾಡಲು ಏನೂ ಉಳಿಯುವುದಿಲ್ಲ. ಮಸೂದೆಯ ಯಾವ ಖಂಡ, ಅದರಲ್ಲಿ ಯಾವ ವಾಕ್ಯ, ಅದು ನಿಮ್ಮ ಯಾವ ಸರ್ವೆ ನಂಬರಿಗೆ ಹೇಗೆ ತಾಗುತ್ತದೆ, ಅದರ ಬದಲು ಯಾವ ವಾಕ್ಯ ಇರಬೇಕು ಎಂಬ ನಾಲ್ಕು ಸಂಗತಿಗಳು ಒಂದು ಪುಟದಲ್ಲಿ ಬರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಬಗರ್ ಹುಕುಂ ಅರ್ಜಿಗಳ ಪರಿಶೀಲನೆಗೆ ಈಗ ಉಪಗ್ರಹ ಚಿತ್ರವನ್ನು ಬಳಸುತ್ತಾರೆ. ಬಯಲುಸೀಮೆಯಲ್ಲಿ ರಾಗಿ, ಜೋಳದ ಹೊಲ ಮೇಲಿನಿಂದ ಚೌಕಚೌಕವಾಗಿ ಕಾಣುತ್ತದೆ. ನಮ್ಮಲ್ಲಿ ಮರದ ನೆರಳಿನ ಕೆಳಗೆ ಬೆಳೆದ ಏಲಕ್ಕಿ, ಮರಕ್ಕೆ ಹಬ್ಬಿದ ಕಾಳುಮೆಣಸು ಎಲ್ಲವೂ ಮೇಲಿನಿಂದ ಬರೀ ಹಸಿರು. ಅಂಥ ಜಾಗ ಚಿತ್ರದಲ್ಲಿ ಕಾಡಾಗಿಯೇ ಕಾಣುವುದು ಸಹಜ. ತಿದ್ದುಪಡಿಯಲ್ಲಿ ‘ಉಪಗ್ರಹ ಚಿತ್ರದ ಆಧಾರದ ಮೇಲೆ’ ಎಂದಷ್ಟೇ ಇದ್ದರೆ ಮಲೆನಾಡಿನ ಸಾಗುವಳಿದಾರನಿಗೆ ದೊಡ್ಡ ಪೆಟ್ಟು. ಆಗ ನೀವು ಬರೆಯಬೇಕಾದದ್ದು ಹೀಗೆ: ‘ಚಿತ್ರದಲ್ಲಿ ಸಾಗುವಳಿ ಕಂಡುಬರದಿದ್ದಲ್ಲಿ, ಅರ್ಜಿದಾರನ ಸಮಕ್ಷಮದಲ್ಲಿ ಸ್ಥಳ ಮಹಜರು ನಡೆಸದೆ ಅರ್ಜಿಯನ್ನು ತಿರಸ್ಕರಿಸತಕ್ಕದ್ದಲ್ಲ ಎಂಬ ಪರಂತುಕವನ್ನು ಸೇರಿಸಬೇಕು.’ ಪರಂತುಕವೆಂದರೆ ಖಂಡಕ್ಕೆ ಷರತ್ತು ಹಾಕುವ ವಾಕ್ಯ. ಇದರ ಜೊತೆಗೆ ನಿಮ್ಮ ತೋಟದ ಒಳಗಿನಿಂದ ತೆಗೆದ ಫೋಟೋ, ಹಿಂದೆ ಅನಧಿಕೃತ ಸಾಗುವಳಿಗೆ ದಂಡ ಕಟ್ಟಿದ ರಸೀದಿ, ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ, ಇವುಗಳ ಪ್ರತಿ ಇಡಿ. ಬೆಂಗಳೂರಿನಲ್ಲಿ ಕುಳಿತು ಕರಡು ಬರೆಯುವವರಿಗೆ ಈ ವ್ಯತ್ಯಾಸ ತಾನಾಗಿ ಹೊಳೆಯುವುದಿಲ್ಲ. ಹೇಳಬೇಕಾದವರು ನಾವೇ.

ಒಂದೇ ಮಾದರಿಯ ನೂರು ಪತ್ರಗಳಿಗಿಂತ ಬೇರೆ ಬೇರೆ ಸರ್ವೆ ನಂಬರಿನ ಹತ್ತು ಪತ್ರಗಳು ಹೆಚ್ಚು ತೂಗುತ್ತವೆ.

ಪ್ರಶ್ನೆ (ಸಾಗರ, ಯುವಕ): ಮಸೂದೆಯ ಪ್ರತಿ ನಮಗೆ ಎಲ್ಲಿ ಸಿಗುತ್ತದೆ? ಕನ್ನಡದಲ್ಲಿ ಇರುತ್ತದೆಯೇ? ಪತ್ರಿಕೆಯಲ್ಲಿ ನಾಲ್ಕು ಸಾಲು ಓದಿದ್ದು ಬಿಟ್ಟರೆ ನಾವು ಏನನ್ನೂ ನೋಡಿಲ್ಲ.

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮ. ಮಂಡನೆಯಾದ ಮಸೂದೆ ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತದೆ, ಕನ್ನಡದಲ್ಲೂ ಇರುತ್ತದೆ. ಸಿಗದಿದ್ದರೆ ಶಾಸಕರ ಕಚೇರಿಯಲ್ಲಿ ಕೇಳಿ, ಸದಸ್ಯರಿಗೆಲ್ಲ ಪ್ರತಿ ಹಂಚಿರುತ್ತಾರೆ. ಕೊನೆಯ ಪುಟಗಳಿಂದ ಓದಲು ಶುರುಮಾಡಿ. ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಅಲ್ಲಿರುತ್ತದೆ. ಸರ್ಕಾರ ಈ ತಿದ್ದುಪಡಿಯನ್ನು ಏಕೆ ತರುತ್ತಿದೆ ಎಂಬುದನ್ನು ತನ್ನದೇ ಮಾತಿನಲ್ಲಿ ಹೇಳಿರುತ್ತದೆ. ನಿಮ್ಮ ವಾದವನ್ನು ಆ ಉದ್ದೇಶಕ್ಕೇ ಜೋಡಿಸಿದರೆ ತಳ್ಳಿಹಾಕುವುದು ಕಷ್ಟ.

ತಿದ್ದುಪಡಿ ಮಸೂದೆಯನ್ನು ಒಂದನ್ನೇ ಓದಿದರೆ ತಲೆಬುಡ ತಿಳಿಯುವುದಿಲ್ಲ. ‘ಇಂಥ ಪ್ರಕರಣದ ಇಂಥ ಉಪಪ್ರಕರಣದಲ್ಲಿ ಈ ಪದಗಳ ಬದಲಿಗೆ ಆ ಪದಗಳನ್ನು ಪ್ರತಿಯೋಜಿಸತಕ್ಕದ್ದು’ ಎಂದಿರುತ್ತದೆ, ಅಷ್ಟೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡು 94ಎ, 94ಸಿ ಪ್ರಕರಣಗಳಲ್ಲಿ ಹಳೆಯ ಪದ ಹೊಡೆದು ಹೊಸ ಪದವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ. ಊರಿನಲ್ಲಿ ಒಬ್ಬರು ಇದನ್ನು ಮಾಡಿದರೆ ಉಳಿದವರೆಲ್ಲ ಓದಬಹುದು. ನೀವೇ ಮಾಡಿ.

ಪ್ರಶ್ನೆ (ಹೊಸನಗರ, ನಿವೃತ್ತ ಶಿಕ್ಷಕ): ವಿಧಾನ ಪರಿಷತ್ತಿನ ಸದಸ್ಯರನ್ನು ಭೇಟಿಯಾಗುವುದರಲ್ಲಿ ಅರ್ಥವಿದೆಯೇ? ಕೊನೆಗೆ ವಿಧಾನಸಭೆಯದೇ ನಡೆಯುತ್ತದೆ ಅಲ್ಲವೇ?

ಉತ್ತರ: ಮೇಷ್ಟ್ರೇ, ಖಂಡಿತ ಅರ್ಥವಿದೆ. ಕೊನೆಯ ಮಾತು ವಿಧಾನಸಭೆಯದು ಎಂಬುದು ನಿಜ. ಸಂವಿಧಾನದ 197ನೇ ವಿಧಿಯ ಪ್ರಕಾರ ಪರಿಷತ್ತು ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಒಂದು ತಿಂಗಳು ಮಾತ್ರ ತಡೆಹಿಡಿಯಬಹುದು. ಹಣಕಾಸು ಮಸೂದೆಯಾದರೆ ಹದಿನಾಲ್ಕೇ ದಿನ. ಆದರೆ ನಮಗೆ ಬೇಕಾಗಿರುವುದು ಆ ಸಮಯವೇ. 2023ರ ಜುಲೈನಲ್ಲಿ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ) ತಿದ್ದುಪಡಿ ಮಸೂದೆಯನ್ನು ವಿಧಾನಸಭೆ ಅಂಗೀಕರಿಸಿದ ಮೇಲೆ ಪರಿಷತ್ತು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಅಡಿಕೆ ಮಂಡಿಯನ್ನು ನಂಬಿ ಬದುಕುವ ನಮ್ಮ ಜಿಲ್ಲೆಗೆ ಅದು ಸಣ್ಣ ವಿಷಯವಾಗಿರಲಿಲ್ಲ. 2024ರ ಫೆಬ್ರವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದೇ ಹೋಯಿತು, ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಬೇಕಾಯಿತು.

ನೀವು ಪದವೀಧರರಾದರೆ ನೈಋತ್ಯ ಪದವೀಧರರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ. ಆ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ, ವಿಧಾನಸಭೆಯ ಪಟ್ಟಿಯಲ್ಲಿರುವ ಹೆಸರು ಅಲ್ಲಿಗೆ ಬರುವುದಿಲ್ಲ. ಇನ್ನೊಂದು ಮಾತು: ನಿಮ್ಮ ತಾಲ್ಲೂಕು 2008ರಿಂದ ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳ ನಡುವೆ ಹಂಚಿಹೋಗಿದೆ. ನಿಮ್ಮ ಊರು ಯಾವ ಶಾಸಕರಿಗೆ ಸೇರುತ್ತದೆ ಎಂದು ಖಚಿತ ಮಾಡಿಕೊಂಡೇ ಹೊರಡಿ.

ಪ್ರಶ್ನೆ (ಸೊರಬ, ಗ್ರಾಮ ಪಂಚಾಯಿತಿ ಸದಸ್ಯೆ): ನಮ್ಮ ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿದರೆ ಸರ್ಕಾರ ಪಾಲಿಸಲೇಬೇಕೇ?

ಉತ್ತರ: ಮಸೂದೆಯ ವಿಷಯದಲ್ಲಿ ಪಾಲಿಸಲೇಬೇಕೆಂದಿಲ್ಲ ಅಕ್ಕ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಗೆ ಕಾನೂನಿನ ಅಧಿಕಾರವೇ ಇದೆ, ಇಲ್ಲಿ ಹಾಗಿಲ್ಲ. ಆದರೂ ಠರಾವು ಮಾಡಿ. ಪುಸ್ತಕದಲ್ಲಿ ದಿನಾಂಕ, ಹಾಜರಿ, ಸಹಿ ಇರುತ್ತವೆ. ಅಧ್ಯಕ್ಷರ ಮೊಹರಿನೊಂದಿಗೆ ದೃಢೀಕೃತ ಪ್ರತಿಯನ್ನು ಶಾಸಕರ ಕೈಗೆ ಕೊಟ್ಟರೆ ಅವರು ಅದನ್ನು ಸದನದಲ್ಲಿ ಓದಬಹುದು.

ಪ್ರಶ್ನೆ (ಶಂಕರಘಟ್ಟ, ವಿದ್ಯಾರ್ಥಿನಿ): ಕಸ್ತೂರಿರಂಗನ್ ವರದಿಯ ಬಗ್ಗೆ ಆಕ್ಷೇಪಣೆ ಸಲ್ಲಿಸಲು ಅರವತ್ತು ದಿನ ಕೊಟ್ಟಿದ್ದರು ಎಂದು ಕೇಳಿದ್ದೇನೆ. ರಾಜ್ಯದ ಮಸೂದೆಗೂ ಹಾಗೆ ಗಡುವು ಇರುತ್ತದೆಯೇ ಮೇಡಂ?

ಉತ್ತರ: ಎರಡನ್ನೂ ಬೆರೆಸಬೇಡಿ, ದಾರಿಗಳೇ ಬೇರೆ. ಕಸ್ತೂರಿರಂಗನ್ ವರದಿಯನ್ನು ಆಧರಿಸಿದ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಕೇಂದ್ರದ ಪರಿಸರ ಸಚಿವಾಲಯದ್ದು. 2024ರ ಜುಲೈ 31ರಂದು ಹೊರಟ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇತ್ತು, ಆಕ್ಷೇಪಣೆಗೆ 60 ದಿನಗಳ ಅವಕಾಶವಿತ್ತು. ಶಿವಮೊಗ್ಗದ ಶಾಸಕರಿಗೆ ಕೊಟ್ಟ ಮನವಿ ಅಲ್ಲಿ ಆಕ್ಷೇಪಣೆಯೆಂದು ಲೆಕ್ಕಕ್ಕೆ ಬರುವುದಿಲ್ಲ. ನೇರವಾಗಿ ದೆಹಲಿಯ ಸಚಿವಾಲಯಕ್ಕೇ ಬರೆಯಬೇಕು.

ರಾಜ್ಯದ ಮಸೂದೆಗೆ ಹಾಗೆ ಕಡ್ಡಾಯ ಗಡುವಿಲ್ಲ. ಕರಡನ್ನು ಮೂವತ್ತು ದಿನ ಜನರ ಮುಂದಿಡಬೇಕೆಂದು ಕೇಂದ್ರ 2014ರಲ್ಲಿ ನೀತಿ ಮಾಡಿತು, ಅದು ಕೇಂದ್ರದ ಸಚಿವಾಲಯಗಳಿಗಷ್ಟೇ. ನಮ್ಮ ರಾಜ್ಯದಲ್ಲೂ ಅಂಥ ಕಡ್ಡಾಯ ಬರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಬೆಳಿಗ್ಗೆ ಮಂಡಿಸಿ ಮರುದಿನ ಗದ್ದಲದ ನಡುವೆ ಅಂಗೀಕಾರ ಪಡೆಯುವ ಮಸೂದೆಯನ್ನು ಯಾವ ರೈತ ಓದಿ ಉತ್ತರಿಸಲು ಸಾಧ್ಯ? ಕಾಯ್ದೆಯ ಅಡಿಯಲ್ಲಿ ಮಾಡುವ ನಿಯಮಗಳ ಕರಡಿಗೆ ಮಾತ್ರ ಅನೇಕ ಕಾಯ್ದೆಗಳಲ್ಲಿ ಪೂರ್ವಪ್ರಕಟಣೆ ಕಡ್ಡಾಯ. ಕರಡು ರಾಜ್ಯಪತ್ರದಲ್ಲಿ ಬರುತ್ತದೆ, ಆಕ್ಷೇಪಣೆಯ ಅವಧಿ ಅದರಲ್ಲೇ ಇರುತ್ತದೆ. ಮಸೂದೆಗೆ ಹೋರಾಡಿದವರು ನಿಯಮ ಬರುವಾಗ ಮಲಗಿಬಿಡುತ್ತಾರೆ. ಅರ್ಜಿ ನಮೂನೆ, ಶುಲ್ಕ, ಬೇಕಾದ ದಾಖಲೆ ಎಲ್ಲ ನಿರ್ಧಾರವಾಗುವುದು ಅಲ್ಲಿಯೇ.

ಪ್ರಶ್ನೆ (ಸಾಗರ, ಶರಾವತಿ ಮುಳುಗಡೆ ಕುಟುಂಬ): ರಾಜ್ಯವೇ ಕಾಯ್ದೆ ತಿದ್ದಿ ನಮಗೆ ಹಕ್ಕುಪತ್ರ ಕೊಟ್ಟುಬಿಟ್ಟರೆ ಮುಗಿಯಿತಲ್ಲವೇ? ಲಿಂಗನಮಕ್ಕಿ ಅಣೆಕಟ್ಟಿಗೆ ನೀರು ನಿಂತು ಅರವತ್ತು ವರ್ಷ ದಾಟಿತು.

ಉತ್ತರ: ನಿಮ್ಮ ಮನೆಯವರು ನಾಡಿಗೆ ಬೆಳಕು ಕೊಟ್ಟು ತಾವು ದಾಖಲೆಯಿಲ್ಲದೆ ಉಳಿದವರು. ನಿಮಗೆ ಸುಳ್ಳು ಭರವಸೆ ಕೊಡಲಾರೆ. ಭೂಮಿ ರಾಜ್ಯಪಟ್ಟಿಯ ವಿಷಯ, ಅರಣ್ಯ 1976ರ 42ನೇ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಜಮೀನು ದಾಖಲೆಯಲ್ಲಿ ಅರಣ್ಯವೆಂದಿದ್ದರೆ 1980ರ ಕೇಂದ್ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನು ರಾಜ್ಯದ ಕಂದಾಯ ತಿದ್ದುಪಡಿ ಮೀರಲಾಗುವುದಿಲ್ಲ. ಸಂತ್ರಸ್ತರಿಗಾಗಿ ರಾಜ್ಯ ಹಿಂದೆ ಹೊರಡಿಸಿದ್ದ ಡಿನೋಟಿಫಿಕೇಶನ್ (ಜಮೀನನ್ನು ಅರಣ್ಯದಿಂದ ಕೈಬಿಡುವ) ಆದೇಶಗಳು ನಿಲ್ಲದೆ ಹೋದದ್ದು ಕೇಂದ್ರದ ಅನುಮತಿ ಪಡೆಯದ ಕಾರಣಕ್ಕೇ. ಆದ್ದರಿಂದ ನಿಮ್ಮ ಪತ್ರ ಶಾಸಕರಿಗೂ ಸಂಸದರಿಗೂ ಒಟ್ಟಿಗೆ ಹೋಗಬೇಕು. ನಿಮ್ಮ ಸರ್ವೆ ನಂಬರ್ ಯಾವ ಅಧಿಸೂಚನೆಯಲ್ಲಿ ಅರಣ್ಯವಾಯಿತು ಎಂಬುದನ್ನು ಮೊದಲು ತೆಗೆಸಿ. ಕಂದಾಯ ಜಮೀನೆಂದು ಹೊರಬಿದ್ದರೆ ದಾರಿ ಬಹಳ ಸುಲಭವಾಗುತ್ತದೆ.

ಪ್ರಶ್ನೆ (ಶಿಕಾರಿಪುರ): ಪಕ್ಷ ವಿಪ್ ಹೊರಡಿಸಿದರೆ ಶಾಸಕರು ಕೈ ಎತ್ತಲೇಬೇಕು. ಹಾಗಿರುವಾಗ ಇದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅಲ್ಲವೇ?

ಉತ್ತರ: ವಿಪ್ ಕಟ್ಟಿಹಾಕುವುದು ಮತವನ್ನು. ಮತಕ್ಕೆ ಮುಂಚೆ ಸಚಿವರ ಕೊಠಡಿಗೆ ಹೋಗಿ ‘ನನ್ನ ಕ್ಷೇತ್ರದಲ್ಲಿ ಈ ಖಂಡದಿಂದ ತೊಂದರೆಯಾಗುತ್ತದೆ, ನೀವೇ ತಿದ್ದುಪಡಿ ತನ್ನಿ’ ಎನ್ನುವುದಕ್ಕೆ ಯಾವ ವಿಪ್ ಅಡ್ಡಿ ಬರುವುದಿಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಎದ್ದು ಕೂಗಿದ ಕೂಡಲೇ, ಕೆಲವೇ ದಿನಗಳಲ್ಲಿ, ಅದನ್ನು ತಡೆಹಿಡಿಯಲಾಯಿತು. ಮಸೂದೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಸಮಯಕ್ಕೆ ಸರಿಯಾಗಿ ಮಾತನಾಡಿದವರ ಮಾತನ್ನು ಸರ್ಕಾರ ಕೇಳಿತು. ಅವರಿಗೆ ಸಾಧ್ಯವಾದದ್ದು ಅಡಿಕೆ, ಭತ್ತ ಬೆಳೆಯುವವರಿಗೆ ಏಕೆ ಅಸಾಧ್ಯವಾಗಬೇಕು? 1951ರಲ್ಲಿ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ನಿಂತಾಗ ಅವರ ಬಳಿ ಏನಿತ್ತು? ನಮ್ಮ ಕಕ್ಷಿದಾರರಲ್ಲಿ ಎಷ್ಟೋ ಜನರ ಪಹಣಿ 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಬಂದದ್ದು. ಕಾನೂನು ತಿದ್ದಿಸಿಕೊಂಡ ನೆಲವಿದು.

ಪ್ರಶ್ನೆ (ರಿಪ್ಪನ್‌ಪೇಟೆ, ಸ್ವಸಹಾಯ ಸಂಘದ ಸದಸ್ಯೆ): ಮನವಿ ಕೊಟ್ಟು ಬಂದ ಮೇಲೆ ಅದು ಏನಾಯಿತು ಎಂದು ತಿಳಿಯುವುದು ಹೇಗೆ?

ಉತ್ತರ: ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡೇ ಹೊರಬನ್ನಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಮನವಿಯ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಯ ಪ್ರತಿ ಕೇಳಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು.

ಪ್ರಶ್ನೆ (ಮತ್ತೆ ತೀರ್ಥಹಳ್ಳಿಯಿಂದ): ಮೇಡಂ, ನೀವು ಹೇಳಿದಂತೆ ಹೊಸ ಪತ್ರ ಬರೆದು ಫೋಟೋ ಹಾಕಿದ್ದೇನೆ. ದಯವಿಟ್ಟು ನೋಡಿ ಹೇಳಿ.

ಉತ್ತರ: ನೋಡಿದೆ, ಬಹಳ ಚೆನ್ನಾಗಿದೆ. ಮೂರು ಬದಲಾವಣೆ ಮಾಡಿ. ಅಧಿಕಾರಿಗಳನ್ನು ಬೈದಿರುವ ಎರಡನೇ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ನೀವು ಕೇಳುವ ಪರಂತುಕವನ್ನು ಕೆಳಗಿನಿಂದ ಮೇಲಕ್ಕೆ, ವಿಷಯದ ಸಾಲಿನ ಕೆಳಗೇ ತನ್ನಿ. ನಿಮ್ಮ ತಂದೆಯವರ ಹೆಸರಿನ ದಂಡದ ರಸೀದಿಯಲ್ಲಿ ಸರ್ವೆ ನಂಬರ್ ಮಸುಕಾಗಿದೆ, ತಾಲ್ಲೂಕು ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ ಲಗತ್ತಿಸಿ. ಅಧಿವೇಶನ ಶುರುವಾದ ಮೇಲೆ ಶಾಸಕರು ಊರಿನಲ್ಲಿ ಸಿಗುವುದು ಕಷ್ಟ, ಬೆಳಗಾವಿಯ ಅಧಿವೇಶನವಾದರೆ ಇನ್ನೂ ದೂರ. ಅದಕ್ಕೆ ಮುಂಚೆಯೇ ನಾಲ್ಕು ಜನ ಸಾಗುವಳಿದಾರರು ಒಟ್ಟಾಗಿ ಹೋಗಿ ಕೈಯಲ್ಲಿ ಕೊಡಿ, ಪ್ರತಿಯನ್ನು ಕಂದಾಯ ಸಚಿವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ.