ವಿಲಿಯಂ ಸಲಿಬಾ: ಆರ್ಸೆನಲ್‌ನಲ್ಲಿ ಆಡಲು ಮೂರು ವರ್ಷ ಕಾದದ್ದು ಯೋಜನೆಯೋ, ಅಕಸ್ಮಾತ್ತೋ?

ಪ್ರಶ್ನೆ — ಕೊನೆಸಾಲು

ಫ್ರಾನ್ಸ್‌ನ ಸೆಂಟರ್ ಬ್ಯಾಕ್ (ರಕ್ಷಣಾ ಸಾಲಿನ ನಡುವೆ ಆಡುವವರು) ವಿಲಿಯಂ ಸಲಿಬಾ ಅವರು ಲಂಡನ್ನಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ಗೆ ಸಹಿ ಹಾಕಿದ್ದು 2019ರ ಜುಲೈನಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ. ಆ ಕ್ಲಬ್‌ನ ಮೊದಲ ತಂಡದ ಪರವಾಗಿ ಅವರು ಮೊದಲ ಅಧಿಕೃತ ಪಂದ್ಯ ಆಡಿದ್ದು 2022ರ ಆಗಸ್ಟ್ 5ರಂದು, ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ. ನಡುವಿನ ಮೂರು ವರ್ಷಗಳಲ್ಲಿ ಅವರನ್ನು ಸೇಂಟ್ ಎತಿಯೆನ್, ನೀಸ್ ಮತ್ತು ಮಾರ್ಸೇ ಎಂಬ ಮೂರು ಫ್ರೆಂಚ್ ಕ್ಲಬ್‌ಗಳಿಗೆ ಎರವಲು ಕೊಡಲಾಗಿತ್ತು. ಸುಮಾರು 2.7 ಕೋಟಿ ಪೌಂಡ್ ತೆತ್ತು ಕೊಂಡ ಆಟಗಾರನನ್ನು ಇಷ್ಟು ದೀರ್ಘಕಾಲ ಹೊರಗಿರಿಸಿದ್ದು ನನಗೆ ಇಂದಿಗೂ ಅರ್ಥವಾಗಿಲ್ಲ.

ಈಗ ಅವರು ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರರ ಸಾಲಿನಲ್ಲಿ ನಿಂತಿರುವುದರಿಂದ, ಅವರನ್ನು ಹಣ್ಣಾಗಲು ಬಿಟ್ಟದ್ದು ಆರ್ಸೆನಲ್‌ನ ದೂರದೃಷ್ಟಿ ಎಂದು ಹಲವರು ಬರೆಯುತ್ತಾರೆ. ಆದರೆ 2020ರ ಶರತ್ಕಾಲದಲ್ಲಿ ಸ್ಪರ್ಧೆಗಳಿಗೆ ಕ್ಲಬ್ ನೋಂದಾಯಿಸುವ ಆಟಗಾರರ ಯಾವ ಪಟ್ಟಿಯಲ್ಲೂ ಅವರ ಹೆಸರು ಇರಲಿಲ್ಲ ಎಂದು ಓದಿದ ನೆನಪು ನನಗಿದೆ. ಹಾಗಿದ್ದಲ್ಲಿ ಅದನ್ನು ಯೋಜನೆ ಎನ್ನಬಹುದೇ? ಆ ಮೂರು ವರ್ಷಗಳು ಅವರ ಆಟಕ್ಕೆ ನಿಜವಾಗಿ ಏನನ್ನು ಕೊಟ್ಟವು, ಏನನ್ನು ಕಸಿದುಕೊಂಡವು ಎಂಬುದನ್ನು ಆ ಕಾಲದ ಪಂದ್ಯಗಳನ್ನು ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 — ಹಳೆಯಸ್ಕೋರ್‌ಪುಸ್ತಕ

ಮೂರು ವರ್ಷಗಳನ್ನು ಒಂದೇ ತುಂಡಾಗಿ ನೋಡುವುದರಿಂದಲೇ ಈ ಗೊಂದಲ ಹುಟ್ಟುತ್ತದೆ ಎಂದು ನನಗನ್ನಿಸುತ್ತದೆ. ಮೂರು ಎರವಲುಗಳಿಗೂ ಮೂರು ಬೇರೆ ಬೇರೆ ಕಾರಣಗಳಿದ್ದವು.

ಮೊದಲನೆಯದು ಖರೀದಿಯ ಒಪ್ಪಂದದ ಭಾಗವೇ ಆಗಿತ್ತು. ಪ್ಯಾರಿಸ್‌ನ ಹೊರವಲಯದ ಬಾಂಡಿಯಲ್ಲಿ ಹುಟ್ಟಿದ ಸಲಿಬಾ ಬಾಲ್ಯದಲ್ಲಿ ಅಲ್ಲಿನ ಎಎಸ್ ಬಾಂಡಿ ಕ್ಲಬ್‌ನಲ್ಲಿ ಆಡಿದವರು. ಅಲ್ಲಿ ಅವರಿಗೆ ತರಬೇತಿ ಕೊಟ್ಟವರಲ್ಲಿ ಕಿಲಿಯನ್ ಎಂಬಾಪೆಯ ತಂದೆ ವಿಲ್‌ಫ್ರೀಡ್ ಕೂಡ ಒಬ್ಬರು. 2016ರಲ್ಲಿ ಸೇಂಟ್ ಎತಿಯೆನ್‌ನ ಅಕಾಡೆಮಿ ಸೇರಿದ ಅವರು 2018ರ ಸೆಪ್ಟೆಂಬರ್‌ನಲ್ಲಿ ತುಲೂಸ್ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದಾಗ 17 ವರ್ಷದವರು. ಆ ಋತುವಿನಲ್ಲಿ ಲೀಗ್‌ನಲ್ಲಿ ಅವರು ಆಡಿದ್ದು ಕೇವಲ 16 ಪಂದ್ಯ. ಅಷ್ಟನ್ನೇ ನೋಡಿ ದೊಡ್ಡ ಮೊತ್ತ ತೆತ್ತ ಆರ್ಸೆನಲ್, ಇನ್ನೊಂದು ವರ್ಷ ಅವರು ಹಳೆಯ ಕ್ಲಬ್‌ನಲ್ಲೇ ಇರಲಿ ಎಂದು ಒಪ್ಪಿಕೊಂಡಿತು. ಮಾರುವ ಕ್ಲಬ್‌ಗೆ ಹಣವೂ ಸಿಕ್ಕಿತು, ಆಟಗಾರನೂ ಉಳಿದ. ಇಂತಹ ವ್ಯವಹಾರಗಳು ಫ್ರಾನ್ಸ್‌ನಲ್ಲಿ ಅಪರೂಪವಲ್ಲ.

ವಿಚಿತ್ರವೆಂದರೆ, ಅದೇ ಬೇಸಿಗೆಯಲ್ಲಿ ಆರ್ಸೆನಲ್‌ನ ನಾಯಕರಾಗಿದ್ದ ಮತ್ತೊಬ್ಬ ಫ್ರೆಂಚ್ ಸೆಂಟರ್ ಬ್ಯಾಕ್ ಲಾರೆಂಟ್ ಕೋಸಿಯೆಲ್ನಿ ಅಮೆರಿಕ ಪ್ರವಾಸಕ್ಕೆ ಹೊರಡಲು ನಿರಾಕರಿಸಿ ಬೋರ್ಡೊಗೆ ಹೋಗಿಬಿಟ್ಟರು. ಅವರ ಉತ್ತರಾಧಿಕಾರಿಯೆಂದು ಕೊಂಡ ಹುಡುಗ ಫ್ರಾನ್ಸ್‌ನಲ್ಲೇ ಇದ್ದುದರಿಂದ, ಖಾಲಿಯಾದ ಸ್ಥಾನ ತುಂಬಲು ಚೆಲ್ಸಿಯಿಂದ 32 ವರ್ಷದ ಡೇವಿಡ್ ಲೂಯಿಜ್ ಅವರನ್ನು ತರಾತುರಿಯಲ್ಲಿ ಕರೆತರಬೇಕಾಯಿತು.

ಆ ವರ್ಷ ಗಾಯಗಳು ಮತ್ತು ಕೋವಿಡ್ ಎರಡೂ ಸೇರಿ ಸಲಿಬಾ ಅವರಿಗೆ ಲೀಗ್‌ನಲ್ಲಿ 12 ಪಂದ್ಯಗಳಷ್ಟೇ ದಕ್ಕಿದವು. ಫ್ರೆಂಚ್ ಕಪ್‌ನ ಫೈನಲ್ ಜುಲೈ 24ಕ್ಕೆ ಮುಂದೂಡಲ್ಪಟ್ಟಿತು. ಎರವಲಿನ ಅವಧಿ ಜೂನ್ ಕೊನೆಗೆ ಮುಗಿದಿತ್ತು. ಅವಧಿಯನ್ನು ವಿಸ್ತರಿಸುವ ಷರತ್ತುಗಳ ಬಗ್ಗೆ ಎರಡು ಕ್ಲಬ್‌ಗಳಿಗೂ ಒಮ್ಮತ ಮೂಡಲಿಲ್ಲ, ಎರಡೂ ತಮ್ಮ ತಮ್ಮ ಸಮರ್ಥನೆಯ ಹೇಳಿಕೆಗಳನ್ನು ಹೊರಡಿಸಿದವು. ಪಿಎಸ್‌ಜಿ (ಪ್ಯಾರಿಸ್ ಸೇಂಟ್ ಜರ್ಮೇನ್) 1-0ರಿಂದ ಗೆದ್ದ ಆ ಫೈನಲ್ ಸಲಿಬಾ ಇಲ್ಲದೆಯೇ ನಡೆಯಿತು. ತನ್ನನ್ನು ಬೆಳೆಸಿದ ಕ್ಲಬ್‌ನ ಪರವಾಗಿ ಕಪ್ ಫೈನಲ್ ಆಡುವ ಅವಕಾಶ 19 ವರ್ಷದ ಹುಡುಗನೊಬ್ಬನಿಗೆ ಲೆಕ್ಕಪತ್ರದ ಜಗಳದಲ್ಲಿ ತಪ್ಪಿಹೋದದ್ದು ನನ್ನನ್ನು ಈಗಲೂ ಕಾಡುತ್ತದೆ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಇದರ ನಂತರದ ಆರು ತಿಂಗಳಲ್ಲಿ. ಸಲಿಬಾ ಲಂಡನ್ನಿಗೆ ಬಂದಿಳಿಯುವ ಹೊತ್ತಿಗೆ ಅವರನ್ನು ಕೊಂಡವರು ಅಲ್ಲಿರಲಿಲ್ಲ. ಖರೀದಿಯ ಸಮಯದ ಕೋಚ್ ಉನಾಯ್ ಎಮೆರಿ 2019ರ ನವೆಂಬರ್‌ನಲ್ಲೇ ಹುದ್ದೆ ಕಳೆದುಕೊಂಡಿದ್ದರು. ಫುಟ್‌ಬಾಲ್ ವಿಭಾಗದ ಮುಖ್ಯಸ್ಥ ರೌಲ್ ಸಾನ್‌ಯೆಹಿ 2020ರ ಆಗಸ್ಟ್‌ನಲ್ಲಿ ಕ್ಲಬ್ ಬಿಟ್ಟರು. ಹೊಸ ಕೋಚ್ ಮಿಕೆಲ್ ಆರ್ಟೆಟಾ ಅವರ ಕೈಯಲ್ಲಿ ಆಗಲೇ ಅಗತ್ಯಕ್ಕಿಂತ ಹೆಚ್ಚು ಸೆಂಟರ್ ಬ್ಯಾಕ್‌ಗಳಿದ್ದರು, ಸಾಲದ್ದಕ್ಕೆ ಲೀಲ್ ಕ್ಲಬ್‌ನಿಂದ ಗೇಬ್ರಿಯೆಲ್ ಅವರನ್ನೂ ತಂದಿದ್ದರು. ಸಲಿಬಾ ಅವರಿಗೆ 4ನೆಯ ಸಂಖ್ಯೆಯ ಜೆರ್ಸಿ ಸಿಕ್ಕಿತು, ಮೊದಲ ತಂಡದಲ್ಲಿ ಒಂದು ನಿಮಿಷವೂ ಸಿಗಲಿಲ್ಲ. 2021ರ ಜನವರಿಯಲ್ಲಿ ಅವರನ್ನು ಎರಡನೆಯ ಬಾರಿ, ನೀಸ್‌ಗೆ, ಎರವಲು ಕೊಡಲಾಯಿತು. 2021ರ ಬೇಸಿಗೆಯಲ್ಲಿ ಅವರನ್ನು ಮೂರನೆಯ ಬಾರಿ ಎರವಲು ಕಳುಹಿಸಿದ ಆರ್ಸೆನಲ್, ಸುಮಾರು 5 ಕೋಟಿ ಪೌಂಡ್ ಕೊಟ್ಟು ಬ್ರೈಟನ್‌ನಿಂದ ಬೆನ್ ವೈಟ್ ಎಂಬ ಇನ್ನೊಬ್ಬ ಸೆಂಟರ್ ಬ್ಯಾಕ್ ಅನ್ನು ಕೊಂಡುಕೊಂಡಿತು. ಆ 4ನೆಯ ಜೆರ್ಸಿ ಈಗ ಇರುವುದು ವೈಟ್ ಅವರ ಬೆನ್ನಿನ ಮೇಲೆ. ಮುಂದೆ ಸಲಿಬಾ ಆಡಲಿದ್ದ ಸ್ಥಾನಕ್ಕೇ ಅವರಿಗೆ ಕೊಟ್ಟದ್ದರ ಹೆಚ್ಚುಕಡಿಮೆ ಇಮ್ಮಡಿ ಸುರಿದ ಕ್ಲಬ್‌ಗೆ ಅವರ ಬಗ್ಗೆ ಸ್ಪಷ್ಟ ಯೋಜನೆ ಇತ್ತೆಂದು ನಂಬುವುದು ನನ್ನಿಂದಾಗದು.

ಉತ್ತರ 2 — ಎಡಗಾಲು

ಮೇಲಿನ ಉತ್ತರದ ಕಾಲಾನುಕ್ರಮವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಅರ್ಧದಷ್ಟು ಮಾತ್ರ.

ಮೊದಲಿಗೆ ಪಟ್ಟಿಯ ವಿಚಾರ. ಪ್ರೀಮಿಯರ್ ಲೀಗ್‌ನಲ್ಲಿ 21ರ ವಯೋಮಿತಿಯೊಳಗಿನ ಆಟಗಾರರ ಹೆಸರನ್ನು 25 ಜನರ ಪಟ್ಟಿಯಲ್ಲಿ ಸೇರಿಸುವ ಅಗತ್ಯವೇ ಇಲ್ಲ. ಆದ್ದರಿಂದ ಪ್ರಶ್ನೆ ಕೇಳಿದವರು ಓದಿದ್ದು ಯುರೋಪಿನ ಕ್ಲಬ್‌ಗಳ ಸ್ಪರ್ಧೆಯಾದ ಯುರೋಪಾ ಲೀಗ್‌ನ ಪಟ್ಟಿಯ ಬಗ್ಗೆ ಇರಬೇಕು. ಅದನ್ನು ನಡೆಸುವ ಯುಇಎಫ್ಎಯ ನಿಯಮ ಬೇರೆ. ಅಲ್ಲಿ ಕಿರಿಯರಿಗಾಗಿ ‘ಬಿ’ ಪಟ್ಟಿ ಎಂಬುದೊಂದಿದೆ, ಆದರೆ ಅದರಲ್ಲಿ ಸೇರಲು ಆಟಗಾರ ಆ ಕ್ಲಬ್‌ನಲ್ಲಿ ಸತತ ಎರಡು ವರ್ಷ ಆಡಲು ಅರ್ಹನಾಗಿ ಇದ್ದಿರಬೇಕು. ಮೊದಲ ವರ್ಷವನ್ನು ಸೇಂಟ್ ಎತಿಯೆನ್‌ನಲ್ಲಿ ಕಳೆದ ಸಲಿಬಾ ಅವರಿಗೆ ಆ ದಾರಿ ಮುಚ್ಚಿತ್ತು. ಹಿರಿಯರ ‘ಎ’ ಪಟ್ಟಿಯಲ್ಲೇ ಜಾಗ ಕೊಡಬೇಕಿತ್ತು, ಕೊಡಲಿಲ್ಲ. ಆ ನಿರ್ಧಾರದ ಬಗ್ಗೆ ಆರ್ಟೆಟಾ ಅವರೇ ನಂತರ ಬಹಿರಂಗವಾಗಿ ಬೇಸರ ವ್ಯಕ್ತಪಡಿಸಿದರು. ಲೀಗ್‌ನಲ್ಲಾದರೋ ಆಡಿಸಲು ಯಾವ ನಿಯಮವೂ ಅಡ್ಡಿಯಾಗಿರಲಿಲ್ಲ. ಕೋಚ್‌ಗೆ ಮನಸ್ಸಿರಲಿಲ್ಲ, ಅಷ್ಟೆ. ಈ ಆರು ತಿಂಗಳು ಶುದ್ಧ ನಷ್ಟ ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ.

ಆದರೆ ಮಾರ್ಸೇಯ ವರ್ಷವನ್ನು ನಷ್ಟದ ಖಾತೆಗೆ ಬರೆಯಬೇಡಿ. 2021ರ ಜನವರಿಯಿಂದ ನೀಸ್‌ನಲ್ಲಿ 20 ಲೀಗ್ ಪಂದ್ಯ ಆಡಿ ಲಯ ಕಂಡುಕೊಂಡ ಸಲಿಬಾ, 2021-22ರಲ್ಲಿ ಮಾರ್ಸೇ ಪರವಾಗಿ ಎಲ್ಲ ಸ್ಪರ್ಧೆಗಳೂ ಸೇರಿ 52 ಪಂದ್ಯಗಳಲ್ಲಿ ಆಡಿದರು. ಅಲ್ಲಿನ ಕೋಚ್ ಹೋರ್ಹೆ ಸಂಪಾವೊಲಿ ಚೆಂಡನ್ನು ಹಿಂದಿನಿಂದಲೇ ಕಟ್ಟಿಕೊಂಡು ಬರಬೇಕೆನ್ನುವವರು; ರಕ್ಷಣಾ ಸಾಲನ್ನು ಮೈದಾನದ ಮಧ್ಯದವರೆಗೂ ಮುಂದಕ್ಕೆ ಒಯ್ಯುವವರು. ಅಂತಹ ತಂಡದಲ್ಲಿ ಸೆಂಟರ್ ಬ್ಯಾಕ್‌ನ ಬೆನ್ನ ಹಿಂದೆ ನಲವತ್ತು ಮೀಟರ್ ಖಾಲಿ ಬಯಲು ಬಿದ್ದಿರುತ್ತದೆ. ಎದುರಾಳಿಯ ಓಟವನ್ನು ಮೊದಲೇ ಊಹಿಸಿ, ದೇಹವನ್ನು ಅರೆತಿರುವಿನಲ್ಲಿ ನಿಲ್ಲಿಸಿಕೊಂಡು, ಕಾಲು ಹಾಕುವ ಗೋಜಿಗೇ ಹೋಗದೆ ಅವನನ್ನು ಬದಿಗೆ ತಳ್ಳಿಕೊಂಡು ಹೋಗುವ ಕಲೆಯನ್ನು ಸಲಿಬಾ ಅಲ್ಲಿ ವಾರಕ್ಕೆರಡು ಬಾರಿ ಅಭ್ಯಾಸ ಮಾಡಿದರು. ಮಾರ್ಸೇ ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆಯಿತು, ಅವರು ಫ್ರಾನ್ಸ್‌ನ ವರ್ಷದ ಯುವ ಆಟಗಾರರೆಂದು ಆಯ್ಕೆಯಾದರು. ಆರ್ಟೆಟಾ ಅವರ ತಂಡವೂ ಅದೇ ಬಗೆಯ ಎತ್ತರದ ರಕ್ಷಣಾ ಸಾಲಿನಲ್ಲಿ ಆಡುವುದರಿಂದ, 2022ರಲ್ಲಿ ಅವರು ಹೊಸದಾಗಿ ಕಲಿಯಬೇಕಾದದ್ದು ಬಹಳ ಇರಲಿಲ್ಲ.

ಇದರ ಪ್ರಭಾವವನ್ನು ಅಳೆಯಲು ಒಂದು ಸರಳ ಲೆಕ್ಕವಿದೆ. 2022-23ರ ಮೊದಲ 27 ಲೀಗ್ ಪಂದ್ಯಗಳಲ್ಲೂ ಸಲಿಬಾ ಆಡಿದರು. ಅವುಗಳಲ್ಲಿ ಆರ್ಸೆನಲ್ ಬಿಟ್ಟುಕೊಟ್ಟದ್ದು 25 ಗೋಲು. ಮಾರ್ಚ್ 16ರಂದು ಸ್ಪೋರ್ಟಿಂಗ್ ವಿರುದ್ಧದ ಯುರೋಪಾ ಲೀಗ್ ಪಂದ್ಯದಲ್ಲಿ ಬೆನ್ನಿಗೆ ಗಾಯವಾಗಿ ಅವರು ಋತುವಿನ ಉಳಿದ ಭಾಗಕ್ಕೆ ಹೊರಗುಳಿದರು. ಬಾಕಿಯಿದ್ದ 11 ಪಂದ್ಯಗಳಲ್ಲಿ ತಂಡ 18 ಗೋಲು ಬಿಟ್ಟುಕೊಟ್ಟಿತು. ಲಿವರ್‌ಪೂಲ್, ವೆಸ್ಟ್ ಹ್ಯಾಮ್ ವಿರುದ್ಧ ಎರಡು ಗೋಲುಗಳ ಮುನ್ನಡೆ ಕೈಜಾರಿದ್ದು, ಕೊನೆಯ ಸ್ಥಾನದಲ್ಲಿದ್ದ ಸೌತಾಂಪ್ಟನ್ ಮೂರು ಗೋಲು ಹೊಡೆದದ್ದು, ಮ್ಯಾಂಚೆಸ್ಟರ್ ಸಿಟಿ 4-1ರಿಂದ ಬಡಿದದ್ದು ಎಲ್ಲವೂ ಆ ಅವಧಿಯಲ್ಲೇ. ಪ್ರಶಸ್ತಿ ಸಿಟಿಯ ಪಾಲಾಯಿತು. ಗಾಯಗೊಂಡವರು ಅವರೊಬ್ಬರೇ ಅಲ್ಲ, ತಂಡ ದಣಿದಿತ್ತು ಎಂಬುದೂ ನಿಜ. ಆದರೂ ಈ ಅಂತರವನ್ನು ಪೂರ್ತಿಯಾಗಿ ಅದೃಷ್ಟದ ಮೇಲೆ ಹಾಕಲಾಗದು.

ಕೊನೆಸಾಲು

ಇಬ್ಬರಿಗೂ ಧನ್ಯವಾದಗಳು. ‘ಬಿ’ ಪಟ್ಟಿಯ ವಿಷಯ ನನಗೆ ತಿಳಿದಿರಲಿಲ್ಲ. ಇನ್ನೊಂದು ಸಂಶಯ: ಕ್ಲಬ್‌ನಲ್ಲಿ ಇಷ್ಟು ಅನಿವಾರ್ಯರಾದವರಿಗೆ ಫ್ರಾನ್ಸ್ ತಂಡದಲ್ಲಿ ಸ್ಥಾನ ಗಟ್ಟಿಯಾಗಲು ಅಷ್ಟು ತಡವೇಕಾಯಿತು? ಎರವಲಿನ ವರ್ಷಗಳು ಅಲ್ಲಿಯೂ ಅಡ್ಡಿಯಾದವೇ?

ಉತ್ತರ 3 — ಹೊಂಚುನೋಟ

ರಾಷ್ಟ್ರೀಯ ತಂಡದ ಮಟ್ಟಿಗೆ ಎರವಲು ಅಡ್ಡಿಯಾಗುವುದಿರಲಿ, ಬಾಗಿಲು ತೆರೆದದ್ದೇ ಅದು. 2022ರ ಮಾರ್ಚ್‌ನಲ್ಲಿ, ಅಂದರೆ ಮಾರ್ಸೇಯಲ್ಲಿ ಇದ್ದಾಗಲೇ, ಅವರು ಐವರಿ ಕೋಸ್ಟ್ ವಿರುದ್ಧ ಫ್ರಾನ್ಸ್ ಪರವಾಗಿ ಮೊದಲ ಬಾರಿ ಕಣಕ್ಕಿಳಿದರು. ಪಂದ್ಯ ನಡೆದದ್ದೂ ಮಾರ್ಸೇಯ ವೆಲೊಡ್ರೋಮ್ ಕ್ರೀಡಾಂಗಣದಲ್ಲೇ. ಆರ್ಸೆನಲ್‌ಗೆ ಒಂದು ಪಂದ್ಯವನ್ನೂ ಆಡದ ಆರ್ಸೆನಲ್ ಆಟಗಾರನೊಬ್ಬ ಫ್ರಾನ್ಸ್‌ನ ಆಟಗಾರನಾಗಿದ್ದ! ಅದೇ ವರ್ಷದ ವಿಶ್ವಕಪ್‌ನ ತಂಡದಲ್ಲೂ ಅವರಿದ್ದರು.

ಅಡ್ಡಿಯಾದದ್ದು ಪೈಪೋಟಿ ಮತ್ತು ಕೋಚ್ ದಿದಿಯೆ ದೆಶಾಂ ಅವರ ಅಭಿರುಚಿ. 2024ರ ಮಾರ್ಚ್‌ನಲ್ಲಿ, ಸಲಿಬಾ ಇಂಗ್ಲೆಂಡಿನಲ್ಲಿ ಉತ್ತುಂಗದಲ್ಲಿದ್ದಾಗಲೇ, ಅವರ ಆಟದಲ್ಲಿ ತಮಗೆ ಅಷ್ಟಾಗಿ ಹಿಡಿಸದ ಅಂಶಗಳೂ ಇವೆ ಎಂಬರ್ಥದ ಮಾತನ್ನು ದೆಶಾಂ ಆಡಿದ್ದರು. ಅದಾದ ಮೂರು ತಿಂಗಳಿಗೆ ಯೂರೊ 2024ರಲ್ಲಿ ಅವರನ್ನೇ ಇನ್ನೊಬ್ಬ ಸೆಂಟರ್ ಬ್ಯಾಕ್ ಉಪಮೆಕಾನೊ ಜೊತೆಗೆ ಎಲ್ಲ ಪಂದ್ಯಗಳಲ್ಲೂ ಆಡಿಸಿದರು. ಸೆಮಿಫೈನಲ್‌ನಲ್ಲಿ ಸ್ಪೇನ್ ಎದುರು 2-1ರಿಂದ ಸೋಲುವವರೆಗೆ ಫ್ರಾನ್ಸ್ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ಪೋಲೆಂಡ್‌ನ ಲೆವಾಂಡೋಸ್ಕಿ ಹೊಡೆದ ಪೆನಾಲ್ಟಿ. ಹಾಗೆಂದು ಸಲಿಬಾ ತಪ್ಪು ಮಾಡುವುದೇ ಇಲ್ಲವೆಂದಲ್ಲ: ಅದೇ ವರ್ಷದ ಏಪ್ರಿಲ್‌ನಲ್ಲಿ ಜರ್ಮನಿಯ ಬಯರ್ನ್ ಕ್ಲಬ್ ವಿರುದ್ಧ ಸಾನೆ ಅವರನ್ನು ಬೀಳಿಸಿ ಪೆನಾಲ್ಟಿ ಕೊಟ್ಟದ್ದು, ಅಕ್ಟೋಬರ್‌ನಲ್ಲಿ ಬೋರ್ನ್‌ಮತ್‌ನಲ್ಲಿ ಕೆಂಪು ಕಾರ್ಡ್ ಪಡೆದದ್ದು, ಎರಡೂ ಅವಸರದ ತಪ್ಪುಗಳೇ.

ಇನ್ನು ಮೂಲ ಪ್ರಶ್ನೆಗೆ ಬಂದರೆ, ಪರದೇಶಕ್ಕೆ ಹೋದ ಬೇರೆ ಫ್ರೆಂಚ್ ಡಿಫೆಂಡರ್‌ಗಳ ದಾರಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ರಫಾಯೆಲ್ ವರಾನ್ 2011ರಲ್ಲಿ, 18ನೆಯ ವಯಸ್ಸಿನಲ್ಲಿ, ಲಾನ್ಸ್‌ನಿಂದ ನೇರವಾಗಿ ರಿಯಲ್ ಮ್ಯಾಡ್ರಿಡ್ ಸೇರಿ ಮೊದಲ ಋತುವಿನಿಂದಲೇ ಆಡಿದರು; ನಾಲ್ಕು ಚಾಂಪಿಯನ್ಸ್ ಲೀಗ್ ಗೆದ್ದರು. ಆದರೆ ಮೊಣಕಾಲು ಅವರನ್ನು 31ಕ್ಕೇ ನಿವೃತ್ತಿಗೊಳಿಸಿತು. ಉಪಮೆಕಾನೊ ಸಾಲ್ಜ್‌ಬರ್ಗ್, ಲೈಪ್‌ಜಿಗ್, ಬಯರ್ನ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದರು. ಕೋಸಿಯೆಲ್ನಿ ಫ್ರಾನ್ಸ್‌ನ ಎರಡನೆಯ ದರ್ಜೆಯ ತೂರ್‌ನಿಂದ ಲೋರಿಯಾಂ ಮೂಲಕ ಆರ್ಸೆನಲ್ ತಲುಪುವಾಗ 24 ದಾಟಿದ್ದರು. ಲಿವರ್‌ಪೂಲ್ ವಿರುದ್ಧದ ಮೊದಲ ಲೀಗ್ ಪಂದ್ಯದಲ್ಲೇ ಕೆಂಪು ಕಾರ್ಡ್ ಪಡೆದು ಹೊರದಬ್ಬಿಸಿಕೊಂಡೂ ಒಂಬತ್ತು ವರ್ಷ ಬಾಳಿದರು. ಈ ಮೂವರಲ್ಲಿ ಯಾರನ್ನೂ ಕೊಂಡ ಕ್ಲಬ್ ಮೂರು ವರ್ಷ ಹೊರಗಿಟ್ಟಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಆರ್ಸೆನಲ್ ಎದುರಿಸಿದ ನಿಜವಾದ ಅಪಾಯವನ್ನು ಇಲ್ಲಿ ಯಾರೂ ಇನ್ನೂ ಹೇಳಿಲ್ಲ. 2019ರ ಕರಾರು ಕೊನೆಗೆ ಮುಗಿಯುತ್ತಿದ್ದುದು 2024ಕ್ಕೆ. ಅದರಲ್ಲಿ ಮೂರು ವರ್ಷ ಅನ್ಯರ ಮೈದಾನದಲ್ಲಿ ಕಳೆಯಿತು. ಸಲಿಬಾ ಒಂದು ಋತು ಆಡಿ ಮುಗಿಸುವಷ್ಟರಲ್ಲಿ, 2023ರ ಬೇಸಿಗೆಗೆ, ಕರಾರಿನಲ್ಲಿ ಉಳಿದದ್ದು ಒಂದೇ ವರ್ಷ. ಅವಮಾನವನ್ನು ಮರೆಯದ ಆಟಗಾರನಾಗಿದ್ದರೆ ಆ ಒಂದು ವರ್ಷವನ್ನೂ ಮುಗಿಸಿ, ಕ್ಲಬ್‌ಗೆ ಒಂದು ಪೌಂಡೂ ದಕ್ಕದಂತೆ ಹೊರಟುಹೋಗಬಹುದಿತ್ತು. ಅವರು ಆ ಜುಲೈನಲ್ಲಿ 2027ರವರೆಗೆ ಸಹಿ ಹಾಕಿದರು. ಮುಂದಿನ ಋತುವಿನಲ್ಲಿ 38 ಲೀಗ್ ಪಂದ್ಯಗಳ ಪ್ರತಿ ನಿಮಿಷವೂ ಆಡಿದರು. ತಂಡ 29 ಗೋಲುಗಳನ್ನಷ್ಟೇ ಬಿಟ್ಟುಕೊಟ್ಟಿತು. 2025ರಲ್ಲಿ ಕರಾರನ್ನು 2030ಕ್ಕೆ ವಿಸ್ತರಿಸಿಕೊಂಡರು.

ಅವರು ಉಳಿದದ್ದೇಕೆಂದು ಊಹಿಸುವಾಗ ನನಗೆ ನೆನಪಾಗುವುದು 2022ರ ಆಗಸ್ಟ್‌ನ ಎರಡನೆಯ ಲೀಗ್ ಪಂದ್ಯ. ತವರಿನ ಪ್ರೇಕ್ಷಕರ ಮುಂದೆ ಆಡಿದ ಮೊದಲ ಲೀಗ್ ಪಂದ್ಯದಲ್ಲೇ, ಲೆಸ್ಟರ್ ವಿರುದ್ಧ, ಅವರು ತಲೆಯಿಂದ ಹೊಡೆದ ಚೆಂಡು ತಮ್ಮದೇ ಗೋಲಿನೊಳಗೆ ಹೋಯಿತು. ಮೂರು ವರ್ಷ ಕಾಯಿಸಿ ಕರೆತಂದ ಆಟಗಾರನನ್ನು ಕ್ರೀಡಾಂಗಣ ಗೊಣಗಿ ಸ್ವಾಗತಿಸಲಿಲ್ಲ. ಅವರ ಹೆಸರನ್ನು ಹಾಡತೊಡಗಿತು. ಒಂದು ವಾರದ ನಂತರ ಬೋರ್ನ್‌ಮತ್‌ನಲ್ಲಿ, ಪೆನಾಲ್ಟಿ ಪೆಟ್ಟಿಗೆಯ ಅಂಚಿನಿಂದ, ತಮ್ಮ ದುರ್ಬಲವಾದ ಎಡಗಾಲಿನಿಂದ ಚೆಂಡನ್ನು ಬಾಗಿಸಿ ಮೂಲೆಗೆ ಕಳುಹಿಸಿ ಅವರು ಆರ್ಸೆನಲ್‌ಗಾಗಿ ತಮ್ಮ ಮೊದಲ ಗೋಲು ಹೊಡೆದರು.