ಇನ್ಸುಲಿನ್ ಸಿರಿಂಜು: ಕೆಂಪು ಕ್ಯಾಪೋ, ಆರೆಂಜ್ ಕ್ಯಾಪೋ?

ಪ್ರಶ್ನೆ (ಜಗಳೂರಿನಿಂದ): ಸಿಸ್ಟರ್, ನಮ್ಮಪ್ಪಾಜಿಗೆ ಶುಗರ್ ಇದೆ. ಕಾಲಿನ ಗಾಯಕ್ಕೆ ದಾವಣಗೆರೆಯಲ್ಲಿ ಅಡ್ಮಿಟ್ ಮಾಡಿದ್ದೆವು. ಅಲ್ಲಿ ಇನ್ಸುಲಿನ್ ಪೆನ್ನಿನಲ್ಲಿ (ಪೆನ್ನಿನ ಹಾಗಿರೋ ಇಂಜೆಕ್ಷನ್) ಕೊಡುತ್ತಿದ್ದರು. ಡಿಸ್ಚಾರ್ಜ್ ಆಗುವಾಗ ಬಾಟಲಿ ಬರೆದಿದ್ದಾರೆ, ಬೆಳಿಗ್ಗೆ 20 ಯೂನಿಟ್. ಮೆಡಿಕಲ್‌ನಲ್ಲಿ ಕೆಂಪು ಕ್ಯಾಪಿನ ಸಿರಿಂಜು ಖಾಲಿಯಂತೆ, ಆರೆಂಜ್ ಕ್ಯಾಪಿನದು ಕೊಟ್ಟರು. ಎರಡೂ ಒಂದೇ ಅಂದರು. ಹೌದಾ?

ಉತ್ತರ (ಸ್ಟಾಫ್ ನರ್ಸ್, ದಾವಣಗೆರೆ): ಖಂಡಿತ ಒಂದೇ ಅಲ್ಲ. ಕೆಂಪು ಕ್ಯಾಪಿನದು 40ರ ಬಾಟಲಿಗೆ, ಆರೆಂಜ್ 100ರ ಬಾಟಲಿಗೆ. ಬಾಟಲಿ ಮೇಲೆ 40 ಐಯು ಅಥವಾ 100 ಐಯು ಅಂತ ಇರುತ್ತೆ, ಅಂದರೆ ಒಂದು ಎಂಎಲ್‌ನಲ್ಲಿ ಅಷ್ಟು ಯೂನಿಟ್. ಬಣ್ಣದ ಜೊತೆ ಸಿರಿಂಜಿನ ಮೇಲಿನ ನಂಬರನ್ನೂ ಓದಿ.

40ರ ಬಾಟಲಿಯಿಂದ ಆರೆಂಜ್ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಹೋಗೋದು ಬರೀ 8 ಯೂನಿಟ್. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ 20ರ ಬದಲು 50! ಇದು ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಲೆಕ್ಕ ಹಾಕಿ ಹೊಂದಿಸೋಕೆ ಹೋಗಬೇಡಿ, ಸರಿಯಾದ ಸಿರಿಂಜನ್ನೇ ತನ್ನಿ. ಪೆನ್ನಿನಿಂದ ಸಿರಿಂಜಿಗೆ ಎಳೆಯೋದಂತೂ ಬೇಡವೇ ಬೇಡ.

ಬೆವರು, ನಡುಕ, ಮಾತು ತಡವರಿಸೋದು ಕಂಡರೆ ಶುಗರ್ ಇಳಿದಿರಬಹುದು. ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಬ್ಬರ ಪ್ರಶ್ನೆ: ಇದನ್ನೆಲ್ಲ ವಾರ್ಡಿನಲ್ಲೇ ಕೇಳಬೇಕಿತ್ತು ಅಲ್ವಾ? ಕೇಳಿದರೆ ಬೈತಾರೆ ಮೇಡಂ.

ಉತ್ತರ: ಬೈಯುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೂ ಕೇಳಿ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿಯಿಂದ ಆಗೋ ಹಾನಿ ತಪ್ಪಿಸೋ ಅಭಿಯಾನ ಶುರು ಮಾಡಿದಾಗ ಮೂರು ಕಡೆ ಜಾಸ್ತಿ ಗಮನ ಕೊಡಿ ಅಂದಿತು: ಅಪಾಯ ಹೆಚ್ಚಿರೋ ಔಷಧಿ ಮತ್ತು ಸಂದರ್ಭ, ಒಟ್ಟಿಗೆ ಹಲವು ಔಷಧಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ರೋಗಿ ಹೋಗೋ ಹೊತ್ತು. ಇನ್ಸುಲಿನ್ ತಗೊಂಡು ಮನೆಗೆ ಹೋಗೋ ವಯಸ್ಸಾದವರಿಗೆ ಮೂರೂ ಅನ್ವಯಿಸಬಹುದು. ಹಳೇ ಮಾತ್ರೆ ಚೀಟಿಯನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಪಕ್ಕಪಕ್ಕ ಇಟ್ಟು, ಯಾವುದು ನಿಲ್ಲಿಸಬೇಕು ಅಂತ ಪೆನ್ನಲ್ಲಿ ಗುರುತು ಹಾಕಿಸಿಕೊಳ್ಳಿ. ಇಂಜೆಕ್ಷನ್ ಕೊಡುವಾಗ "ನಾಲ್ಕನೇ ಬೆಡ್" ಅಂತ ಬಂದರೆ ಹೆಸರೂ ಐಪಿ ನಂಬರೂ (ಅಡ್ಮಿಟ್ ಆದಾಗ ಕೊಡೋ ನಂಬರು) ನೋಡಿಸಿ. ಬೆಡ್ ಬದಲಾಗ್ತಾನೇ ಇರುತ್ತೆ.

ಮೊದಲು ಕೇಳಿದವರು: ಬಾಟಲಿ 40ರದ್ದು ಸಿಸ್ಟರ್. ಮೂರು ದಿನದಿಂದ ಆರೆಂಜ್‌ನಲ್ಲೇ ಕೊಟ್ಟಿದ್ದೇವೆ.

ಉತ್ತರ: ಹಾಗಾದರೆ ಡೋಸ್ ಕಡಿಮೆ ಹೋಗಿದೆ. ಸರಿದೂಗಿಸೋಕೆ ಅಂತ ಒಟ್ಟಿಗೆ ಜಾಸ್ತಿ ಕೊಡಬೇಡಿ. ಈಗಲೇ ಶುಗರ್ ಚೆಕ್ ಮಾಡಿ, ಡಿಸ್ಚಾರ್ಜ್ ಚೀಟಿಯಲ್ಲಿರೋ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹಾಗೇ ಹೇಳಿ. ಕಾಲಿನ ಗಾಯ ಕೆಂಪಾಗಿದೆಯಾ, ಕೀವು ಇದೆಯಾ ಅದನ್ನೂ ನೋಡಿ ಹೇಳಿ.